ಪ್ರಗತಿಯ ತಿರುಗಣಿ ನಿಲ್ಲಬೇಕೇ?

ಫ್ಲಾರಿಡಾದ ಜುಲೈ ತಿಂಗಳ ಮಧ್ಯಾಹ್ನ ಎಂದರೆ ನಮ್ಮ ಮಂಗಳೂರಿನ ಮೇ ತಿಂಗಳ ನೆನಪು. ಮೈಬೆವರು ಆರುವುದೇ ಇಲ್ಲ. ಇದ್ದಕ್ಕಿದ್ದಂತೆ ಮೋಡ ಕವಿದು, ಗುಡುಗಿ, ಧೋ ಎಂದು ಮಳೆ ಸುರಿಯುತ್ತದೆ. ಒರ್ಲಾಂಡೊ ನಗರದ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನ ‘ಮ್ಯಾಜಿಕ್ ಕಿಂಗ್‌ಡಮ್’ ಉದ್ಯಾನದಲ್ಲಿ 2024ರ ಜುಲೈನ ಒಂದು ದಿನ ನಾವು ಸಿಕ್ಕಿಕೊಂಡದ್ದು ಇಂಥದೇ ಮಳೆಯಲ್ಲಿ. ತಮ್ಮ, ಅವನ ಹೆಂಡತಿ, ಅವರ ಹದಿನಾರು ವರ್ಷದ ಮಗಳು, ಮತ್ತು ಊರಿನಿಂದ ಬಂದ ನಾನು. ‘ಸ್ಪೇಸ್ ಮೌಂಟನ್’ ಎಂಬ ಕತ್ತಲೆಯ ರೈಲಿನ ಮುಂದೆ ಸರತಿ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಅದಕ್ಕೆ ಹತ್ತಿರದಲ್ಲೇ ಇದ್ದ ದುಂಡನೆಯ ಕಟ್ಟಡದ ಮುಂದೆ ಸಾಲೇ ಇರಲಿಲ್ಲ. ತಮ್ಮ ನಮ್ಮನ್ನೆಲ್ಲ ಅದರತ್ತ ಎಳೆದುಕೊಂಡು ಹೊರಟ.

“ಅಪ್ಪ, ಮತ್ತೆ ಅದೇನಾ? ಅದನ್ನು ಯಾವತ್ತೋ ಮುಚ್ಚಬೇಕಾಗಿತ್ತು” ಎಂದಳು ಮಗಳು.

“ಅದನ್ನು ಮುಚ್ಚಿದರೆ ನಾನು ಈ ಉದ್ಯಾನಕ್ಕೇ ಕಾಲಿಡುವುದಿಲ್ಲ” ಎಂದ ತಮ್ಮ.

ಇಂಗ್ಲಿಷಿನಲ್ಲೇ ನಡೆದ ಈ ಜಗಳ ಪಕ್ಕದಲ್ಲಿ ಬರುತ್ತಿದ್ದ ಅಮೆರಿಕದ ಹಿರಿಯರೊಬ್ಬರ ಕಿವಿಗೂ ಬಿತ್ತು. ಅವರು ನಕ್ಕರು. ತಾವು ಎಂಟು ವರ್ಷದ ಹುಡುಗನಾಗಿದ್ದಾಗ ಇದೇ ಪ್ರದರ್ಶನವನ್ನು ನ್ಯೂಯಾರ್ಕಿನಲ್ಲಿ ನೋಡಿದ್ದಾಗಿಯೂ, ಇದನ್ನು ಮುಚ್ಚುತ್ತಾರಂತೆ ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವುದಾಗಿಯೂ ಹೇಳಿದರು. “ಪ್ರತಿ ಸಲವೂ ಇದು ಕೊನೆಯದು ಎಂದುಕೊಂಡೇ ಬಂದು ಹೋಗುತ್ತೇನೆ” ಎಂದರು.

ಜನರನ್ನು ಹೀಗೆ ಎರಡು ಪಂಗಡ ಮಾಡಿರುವ ಈ ಪ್ರದರ್ಶನದ ಹೆಸರು ‘ಕ್ಯಾರೊಸೆಲ್ ಆಫ್ ಪ್ರೋಗ್ರೆಸ್’. ನಮ್ಮ ಮಾತಿನಲ್ಲಿ ಪ್ರಗತಿಯ ತಿರುಗಣಿ ಎನ್ನೋಣ.

ಪ್ರೇಕ್ಷಕರೇ ತಿರುಗುವ ನಾಟಕ

ನಮ್ಮ ನಾಟಕ ಕಂಪನಿಗಳಲ್ಲಿ ದೃಶ್ಯ ಬದಲಾಗಬೇಕಾದರೆ ಪರದೆ ಬೀಳುತ್ತಿತ್ತು. ಇಲ್ಲಿ ಪರದೆಯ ಬದಲು ಪ್ರೇಕ್ಷಕರನ್ನೇ ಸಾಗಿಸುತ್ತಾರೆ. ಕಟ್ಟಡದ ನಡುವೆ ವೃತ್ತಾಕಾರವಾಗಿ ಆರು ರಂಗಸ್ಥಳಗಳು. ಅವು ಕದಲುವುದಿಲ್ಲ. ಅವುಗಳ ಸುತ್ತ ಬಳೆಯಂತೆ ಆರು ಪ್ರೇಕ್ಷಾಗಾರಗಳು. ಒಂದೊಂದರಲ್ಲಿ ಸುಮಾರು 240 ಆಸನಗಳು. ಒಂದು ದೃಶ್ಯ ಮುಗಿದೊಡನೆ ಈ ಬಳೆ ಇಡಿಯಾಗಿ ಮೆಲ್ಲಗೆ ತಿರುಗಿ, ಎಲ್ಲರನ್ನೂ ಮುಂದಿನ ರಂಗದ ಎದುರು ತಂದು ನಿಲ್ಲಿಸುತ್ತದೆ. ಒಂದು ಕಡೆ ಹೊಸಬರು ಒಳಗೆ ಬರುತ್ತಿರುವಾಗಲೇ ಇನ್ನೊಂದು ಕಡೆ ನೋಡಿದವರು ಹೊರಗೆ ಹೋಗುತ್ತಿರುತ್ತಾರೆ. ಉಳಿದ ನಾಲ್ಕು ಕಡೆ ಆಟ ನಡೆದೇ ಇರುತ್ತದೆ. ಒಟ್ಟು ಇಪ್ಪತ್ತು ನಿಮಿಷಗಳಿಗಿಂತ ತುಸು ಹೆಚ್ಚು.

ನಟರೆಲ್ಲ ಯಂತ್ರಬೊಂಬೆಗಳು. ಮಾತಿಗೆ ತಕ್ಕಂತೆ ತುಟಿ, ಕಣ್ಣು, ಕೈ, ಕತ್ತು ಆಡಿಸುವ ಈ ಬೊಂಬೆಗಳಿಗೆ ಸೂತ್ರವಿಲ್ಲ. ಮೊದಲ ದಿನಗಳಲ್ಲಿ ಧ್ವನಿಯ ಜೊತೆಗೆ ಚಲನೆಯ ಸಂಕೇತಗಳನ್ನೂ ಕಾಂತೀಯ ಟೇಪಿನಲ್ಲಿ ಮುದ್ರಿಸಿ, ಗಾಳಿಯ ಮತ್ತು ದ್ರವದ ಒತ್ತಡದಿಂದ ಅವುಗಳ ಅಂಗಾಂಗಗಳನ್ನು ಕುಣಿಸುತ್ತಿದ್ದರು. ಇಂದು ಕಾಲೇಜಿನ ಹುಡುಗರು ಸ್ಪರ್ಧೆಗೆಂದು ರೋಬೊ ಕಟ್ಟುತ್ತಾರೆ. ಆದರೆ ಇದು 1964ರ ಮಾತು!

ಕಥೆ ಎನ್ನುವಂಥ ಕಥೆಯೇನಿಲ್ಲ. ಒಂದು ಅಮೆರಿಕನ್ ಕುಟುಂಬ. ತಂದೆ ಜಾನ್, ತಾಯಿ ಸೇರಾ, ಮಕ್ಕಳು, ಅಜ್ಜಿ, ಒಂದು ನಾಯಿ. ಮೊದಲ ದೃಶ್ಯ ಇಪ್ಪತ್ತನೆಯ ಶತಮಾನದ ಆರಂಭದ್ದು. ಅನಿಲ ದೀಪ, ಮಂಜುಗಡ್ಡೆಯ ಪೆಟ್ಟಿಗೆ, ಕೈಯಿಂದ ತಿರುಗಿಸುವ ಬಟ್ಟೆ ಒಗೆಯುವ ಯಂತ್ರ. ಎರಡನೆಯದು 1920ರ ದಶಕ. ವಿದ್ಯುತ್ತು ಬಂದಿದೆ, ಮನೆ ತುಂಬ ವೈರು, ಒಂದೇ ಸಲಕ್ಕೆ ಎಲ್ಲವನ್ನೂ ಹಚ್ಚಿದಾಗ ಫ್ಯೂಸು ಹೋಗುತ್ತದೆ. ಮೂರನೆಯದು 1940ರ ದಶಕ. ಫ್ರಿಜ್ಜು, ದೂರದರ್ಶನ. ಕೊನೆಯದು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಿನ ಕ್ರಿಸ್‌ಮಸ್. ಮಾತಿನಲ್ಲೇ ಆಜ್ಞೆ ಕೊಟ್ಟರೆ ಕೆಲಸ ಮಾಡುವ ಒಲೆ. ಕಣ್ಣಿಗೆ ಸಾಧನ ಕಟ್ಟಿಕೊಂಡು ಆಟವಾಡುವ ಅಜ್ಜಿ. ಅಜ್ಜಿ ಗಳಿಸಿದ ಅಂಕಗಳನ್ನು ಒಲೆ ಉಷ್ಣಾಂಶದ ಆಜ್ಞೆ ಎಂದು ತಿಳಿದು, ಹಬ್ಬದ ಟರ್ಕಿ ಕೋಳಿಯನ್ನು ಕರಕಲು ಮಾಡುತ್ತದೆ.

ತಮ್ಮನ ಹೆಂಡತಿ ಮೊದಲ ದೃಶ್ಯದಲ್ಲೇ ಕಿಸಕ್ಕನೆ ನಕ್ಕಳು. ಎರಡು ದಿನ ಹಿಡಿಯುತ್ತಿದ್ದ ಬಟ್ಟೆ ಒಗೆತ ಈಗ ಐದೇ ಗಂಟೆಯಲ್ಲಿ ಮುಗಿಯುತ್ತದೆ ಎಂದು ಜಾನ್ ಬೀಗುತ್ತಾನೆ. ಉಳಿದ ಹೊತ್ತಿನಲ್ಲಿ ಒಲೆ ತಿಕ್ಕಿ ಹೊಳಪು ಕೊಡುವಂಥ ‘ವಿನೋದ’ಕ್ಕೆ ತನಗೆ ಬಿಡುವು ಸಿಗುತ್ತದೆ ಎಂದು ಸೇರಾ ಉತ್ತರಿಸುತ್ತಾಳೆ. “ಭಾವ, ಈ ಮಾತಿಗೆ ಯಾವ ದೇಶವಾದರೇನು!” ಎಂದಳು ಆಕೆ. ಅಷ್ಟಕ್ಕೂ ಜಾನ್ ಮಹಾಶಯ ಮೂರು ದೃಶ್ಯಗಳ ಉದ್ದಕ್ಕೂ ಕುಳಿತೇ ಇರುತ್ತಾನೆ. ಅವನು ಅಡುಗೆಗೆ ನಿಲ್ಲುವುದು ಕೊನೆಯ ದೃಶ್ಯದಲ್ಲಿ. ಕೋಳಿ ಸುಡುವುದೂ ಆಗಲೇ.

ಊರೂರು ಅಲೆದ ತಿರುಗಣಿ

ವಾಲ್ಟ್ ಡಿಸ್ನಿ ಇದನ್ನು ಮೊದಲು ಕಟ್ಟಿಸಿದ್ದು 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಮಂಟಪದಲ್ಲಿ. ವಿದ್ಯುತ್ ಸಲಕರಣೆ ಮಾರುವ ಕಂಪನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದ್ದೀತು? ಮೇಳ ಮುಗಿದ ಮೇಲೆ, 1967ರಲ್ಲಿ, ಇದು ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿಗೆ ಹೋಯಿತು. ಅದನ್ನು ನೋಡಲು ವಾಲ್ಟ್ ಇರಲಿಲ್ಲ. 1966ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. 1973ರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಿ, 1975ರ ಜನವರಿ 15ರಂದು ಫ್ಲಾರಿಡಾದಲ್ಲಿ ಬಾಗಿಲು ತೆರೆಯಿತು. ಅದೇ ದಿನ ತೆರೆದದ್ದು ಪಕ್ಕದ ಸ್ಪೇಸ್ ಮೌಂಟನ್. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬರ ಮನೆ ಮುಂದೆ ಜಾತ್ರೆ, ಇನ್ನೊಬ್ಬರ ಮನೆ ಬಿಕೋ.

1985ರಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. 1990ರ ದಶಕದ ಆರಂಭದಲ್ಲಿ ಕೊನೆಯ ದೃಶ್ಯವನ್ನು ಹೊಸದಾಗಿ ಮಾಡಿದರು. 2001ರ ಸೆಪ್ಟೆಂಬರ್ ದಾಳಿಯ ನಂತರ ಪ್ರವಾಸಿಗಳು ಕಡಿಮೆಯಾದಾಗ ಪ್ರದರ್ಶನ ನಿಂತಿತು. ಮತ್ತೆ ತೆರೆದದ್ದು ಜನಸಂದಣಿಯ ದಿನಗಳಲ್ಲಿ ಮಾತ್ರ. ಮುಚ್ಚುತ್ತಾರಂತೆ ಎಂಬ ಗಾಳಿಮಾತಿಗೆ ಬೇರು ಸಿಕ್ಕಿದ್ದು ಆಗ. ಆಮೇಲೆ ಪ್ರತಿದಿನದ ಪ್ರದರ್ಶನ ಶುರುವಾದರೂ ಆ ಮಾತು ಒಣಗಲಿಲ್ಲ.

ಎರಡು ಪಂಗಡ, ಎರಡು ವಾದ

ಮುಚ್ಚಬೇಕು ಎನ್ನುವವರು ಶತ್ರುಗಳಲ್ಲ, ಅವರೂ ಅಭಿಮಾನಿಗಳೇ. ಅವರ ವಾದ ನಮ್ಮ ಹುಡುಗಿಯ ವಾದವೇ. ಮಳೆ ನಿಂತ ಮೇಲೆ ಬೆಂಚಿನ ಮೇಲೆ ಕುಳಿತು ಆಕೆ ಅದನ್ನು ಬೆರಳು ಮಡಿಸಿ ಒಪ್ಪಿಸಿದಳು. “ದೊಡ್ಡಪ್ಪ, ಇದರ ಹೆಸರೇನು? ಪ್ರಗತಿ. ಇದು ಇರುವ ಜಾಗದ ಹೆಸರೇನು? ಟುಮಾರೊಲ್ಯಾಂಡ್, ನಾಳೆಯ ನಾಡು. ಕೊನೆಯ ದೃಶ್ಯದಲ್ಲಿ ಅವರು ಹೊಗಳುವುದು ಏನನ್ನು? ಲೇಸರ್ ಡಿಸ್ಕು, ಕಾರಿನೊಳಗಿನ ಫೋನು! ನಾನು ಹುಟ್ಟುವ ಮೊದಲೇ ಸತ್ತುಹೋದ ವಸ್ತುಗಳು. ಪ್ರಗತಿಯ ಬಗ್ಗೆ ಉಪದೇಶ ಮಾಡುವವರು ತಾವೇ ಮೂವತ್ತು ವರ್ಷ ಹಿಂದೆ ಉಳಿದರೆ ಹೇಗೆ?”

ಡಿಸ್ನಿಲ್ಯಾಂಡ್ ಎಂದೂ ಪೂರ್ಣವಾಗುವುದಿಲ್ಲ, ಅದು ಬೆಳೆಯುತ್ತಲೇ ಇರಬೇಕು ಎಂದು ಹೇಳಿದ್ದು ಸ್ವತಃ ವಾಲ್ಟ್ ಡಿಸ್ನಿ. ಮುಚ್ಚಿ ಎನ್ನುವವರು ಅವರ ಆ ಮಾತನ್ನೇ ಹಿಡಿದುಕೊಳ್ಳುತ್ತಾರೆ. ಉಳಿಸಿ ಎನ್ನುವವರು ಹಿಡಿದುಕೊಳ್ಳುವುದೂ ಅವರನ್ನೇ. ವಾಲ್ಟ್ ಕೈಯಾರೆ ರೂಪಿಸಿದ್ದು ಫ್ಲಾರಿಡಾದ ಉದ್ಯಾನದಲ್ಲಿ ಹೆಚ್ಚೇನೂ ಉಳಿದಿಲ್ಲ; ಆ ಉದ್ಯಾನ ತೆರೆದದ್ದೇ ಅವರು ಸತ್ತ ಐದು ವರ್ಷಗಳ ಮೇಲೆ, 1971ರಲ್ಲಿ. ಈ ತಿರುಗಣಿಯನ್ನೂ ತೆಗೆದರೆ ಅವರ ಹೆಸರು ಮಾತ್ರ ಉಳಿದೀತು, ಬೆರಳಚ್ಚು ಉಳಿಯದು ಎನ್ನುತ್ತಾರೆ. ಒಬ್ಬನೇ ಗುರುವಿನ ಎರಡು ಮಾತು ಹಿಡಿದು ಶಿಷ್ಯರು ಜಗಳವಾಡುವುದು ನಮಗೇನೂ ಹೊಸದಲ್ಲ.

ಉಳಿಸುವವರ ಭಯಕ್ಕೆ ಕಾರಣವಿದೆ. ಇದೇ ಉದ್ಯಾನದಲ್ಲಿ ‘ಮಿಸ್ಟರ್ ಟೋಡ್’ ಎಂಬ ಕಪ್ಪೆರಾಯನ ಕಾರು ಸವಾರಿಯೊಂದಿತ್ತು. ಅದನ್ನು ಮುಚ್ಚುವ ಸುದ್ದಿ 1997ರಲ್ಲಿ ಹೊರಬಿದ್ದಾಗ ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಗುಂಪುಗುಂಪಾಗಿ ಬಂದು ಸವಾರಿ ಮಾಡಿದರು, ಕಾಗದ ಬರೆದರು, ಶಾಂತವಾಗಿ ಪ್ರತಿಭಟಿಸಿದರು. ಫಲ ಸಿಗಲಿಲ್ಲ. 1998ರ ಸೆಪ್ಟೆಂಬರ್ 7ರಂದು ಕಪ್ಪೆರಾಯನ ಕಾರು ನಿಂತಿತು; ಮರುವರ್ಷ ಆ ಜಾಗಕ್ಕೆ ‘ವಿನಿ ದ ಪೂ’ ಕರಡಿ ಬಂತು. ಹೊಸ ಸವಾರಿಯ ಒಳಗೆ ಒಂದು ಚಿತ್ರವಿದೆ: ಕಪ್ಪೆರಾಯ ತನ್ನ ಜಾಗದ ಪತ್ರವನ್ನು ಗೂಬೆಗೆ ಒಪ್ಪಿಸುತ್ತಿದ್ದಾನೆ. ಮುಚ್ಚಿದವರೇ ಬಿಟ್ಟ ಶ್ರದ್ಧಾಂಜಲಿ ಎನ್ನಬೇಕು. ಆದರೆ ಕ್ಯಾಲಿಫೋರ್ನಿಯದಲ್ಲಿ 1955ರಲ್ಲಿ ಶುರುವಾದ ಕಪ್ಪೆರಾಯನ ಸವಾರಿ ಉಳಿದುಕೊಂಡಿದೆ. ತಿರುಗಣಿಗೆ ಅಂಥ ಅಣ್ಣತಮ್ಮಂದಿರಿಲ್ಲ. ಇಲ್ಲಿ ಹೋದರೆ ಪ್ರಪಂಚದಲ್ಲೇ ಇಲ್ಲ.

ನದಿ ಬತ್ತಿದ ದಿನ

ನಾನು ಊರಿಗೆ ಮರಳಿದ ಮರುತಿಂಗಳೇ, 2024ರ ಆಗಸ್ಟಿನಲ್ಲಿ, ಡಿಸ್ನಿ ಕಂಪನಿ ಬೇರೊಂದು ಸುದ್ದಿ ಕೊಟ್ಟಿತು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೊದಲಿನಿಂದಲೂ ಇದ್ದ ‘ರಿವರ್ಸ್ ಆಫ್ ಅಮೆರಿಕ’ ಎಂಬ ಕೃತಕ ನದಿಯ ಜಾಗದಲ್ಲಿ ‘ಕಾರ್ಸ್’ ಚಲನಚಿತ್ರದ ಹೊಸ ಸವಾರಿಗಳು ಬರಲಿವೆ ಎಂದು. ಅದರಂತೆ 2025ರ ಜುಲೈ 6 ಆ ನದಿಯ, ಅದರ ಚಕ್ರದ ಹಡಗಿನ, ನಡುವಿನ ಟಾಮ್ ಸಾಯರ್ ದ್ವೀಪದ ಕೊನೆಯ ದಿನವಾಯಿತು.

ಆ ವಾರ ತಮ್ಮನ ಮಗಳ ಫೋನು ಬಂತು. ಧ್ವನಿ ಕುಗ್ಗಿತ್ತು.

“ದೊಡ್ಡಪ್ಪ, ನಮ್ಮ ಹಡಗು ನಿಲ್ಲಿಸಿಬಿಟ್ಟರು.”

“ಹಳೆಯದಾಗಿತ್ತಲ್ಲ ಮರಿ, ಹೊಸದು ಬರುತ್ತದೆ ಬಿಡು” ಎಂದೆ, ಬೇಕೆಂದೇ.

“ಅದು ಹಾಗಲ್ಲ. ನಾನು ಮೂರು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಹಡಗು ಅದು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯಿತು, ನೀವೇನು ಹೇಳುತ್ತೀರಿ ಅಂತ ಗೊತ್ತಾಯಿತು” ಎಂದು ನಕ್ಕಳು.

ನಾನು ಅಂದು ಗೆದ್ದೆ ಎಂದುಕೊಳ್ಳಲಿಲ್ಲ. ಯೋಚಿಸಿದರೆ ಇದು ಉಳಿಸುವವರ ವಾದದ ದೊಡ್ಡ ದೋಷವನ್ನೇ ತೋರಿಸುತ್ತದೆ. ಪ್ರತಿಯೊಬ್ಬನೂ ಉಳಿಸಬೇಕೆನ್ನುವುದು ತಾನು ಚಿಕ್ಕವನಿದ್ದಾಗ ಕುಳಿತ ಕುರ್ಚಿಯನ್ನು. ಎಲ್ಲರ ಬಾಲ್ಯವನ್ನೂ ಉಳಿಸುತ್ತ ಹೋದರೆ ಮುಂದಿನವರ ಬಾಲ್ಯಕ್ಕೆ ಜಾಗವೆಲ್ಲಿ? ನದಿ ಬತ್ತಿದ ಜಾಗದ ಹೊಸ ಕಾರುಗಳನ್ನು ನೋಡಿ ಬೆಳೆಯುವ ಮಗು, ಮುಂದೊಂದು ದಿನ ಅವನ್ನು ಮುಚ್ಚಬೇಡಿ ಎಂದು ಅತ್ತೇ ಅಳುತ್ತದೆ. ನೆನಪೊಂದೇ ಸಾಕ್ಷಿಯಾದರೆ ಯಾವ ಸವಾರಿಯನ್ನೂ ಮುಚ್ಚುವಂತಿಲ್ಲ.

ತಪ್ಪಿಗೂ ಬೆಲೆಯಿದೆ

ಹಾಗಿದ್ದರೂ ಈ ತಿರುಗಣಿಯ ಪರವಾಗಿ ನಾನು ನಿಲ್ಲುತ್ತೇನೆ. ಕಾರಣ ನೆನಪಲ್ಲ, ನನಗೆ ಅಲ್ಲಿ ಯಾವ ಬಾಲ್ಯವೂ ಇಲ್ಲ. ನಮ್ಮ ಹುಡುಗಿ ದೋಷವೆಂದು ಎಣಿಸಿದ ಕೊನೆಯ ದೃಶ್ಯವೇ ನನ್ನ ಕಾರಣ.

ಹಿಂದೆ ಏನಿತ್ತು ಎಂಬುದನ್ನು ಯಾವ ವಸ್ತು ಸಂಗ್ರಹಾಲಯವೂ ತೋರಿಸೀತು. ಮುಂದೆ ಏನಾದೀತು ಎಂದು ಹಿಂದಿನವರು ಅಂದುಕೊಂಡಿದ್ದರು ಎಂಬುದನ್ನು ತೋರಿಸುವ ಜಾಗಗಳು ಕಡಿಮೆ. ಮಾತು ಕೇಳುವ ಯಂತ್ರವನ್ನು ಅವರು ಸರಿಯಾಗಿಯೇ ಊಹಿಸಿದ್ದರು. ಇಂದು ಅದು ಮನೆಮನೆಯಲ್ಲಿದೆ. ಅಜ್ಜಿಯ ಕಣ್ಣಿಗೆ ಕಟ್ಟಿದ ಆಟವೂ ಅಂಗಡಿಗೆ ಬಂದಿದೆ. ಲೇಸರ್ ಡಿಸ್ಕಿನ ವಿಷಯದಲ್ಲಿ ಎಡವಿದರು. ಎಲ್ಲರ ಕೈಗೂ ಬರಲಿದ್ದ ಮೊಬೈಲನ್ನು ಕಾಣದೆ ಕಾರಿನ ಫೋನಿಗೇ ನಿಂತರು. ಬುದ್ಧಿವಂತರು, ಹಣವಂತರು, ಯಂತ್ರ ಬಲ್ಲವರು ಸೇರಿ ಮಾಡಿದ ಊಹೆಯೇ ಹೀಗೆ ಅರ್ಧ ಸರಿ, ಅರ್ಧ ತಪ್ಪು. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ, ನಾಳೆ ಹೀಗೇ ಆಗುತ್ತದೆ ಎಂದು ಅಡ್ಡಗೋಡೆ ಹಾಕಿದಂತೆ ಹೇಳುವವರ ಮಾತನ್ನು ಸ್ವಲ್ಪ ತೂಗಿ ನೋಡುತ್ತಾನೆ. ಯಾವ ಓದು ಓದಿದರೆ ಯಾವ ಕೆಲಸ ಖಂಡಿತ ಎಂದು ಲೆಕ್ಕ ಹಾಕುವ ನಾವು ತಂದೆತಾಯಿಗಳೂ ಒಮ್ಮೆ ಆ ಕತ್ತಲೆಯಲ್ಲಿ ಕುಳಿತು ಬರುವುದು ಒಳ್ಳೆಯದು.

ಸದ್ಯ ತಿರುಗಣಿಯ ಪರವಾಗಿ ಒಂದು ಸೂಚನೆ ಬಂದಿದೆ. ಪ್ರದರ್ಶನದ ಆರಂಭಕ್ಕೆ ಸ್ವತಃ ವಾಲ್ಟ್ ಡಿಸ್ನಿಯವರ ಯಂತ್ರಬೊಂಬೆಯನ್ನು ಸೇರಿಸುವುದಾಗಿ 2025ರ ಆಗಸ್ಟಿನಲ್ಲಿ ಕಂಪನಿ ಪ್ರಕಟಿಸಿತು. ಮುಚ್ಚುವ ಮನೆಗೆ ಯಾರೂ ಸುಣ್ಣ ಬಳಿಯುವುದಿಲ್ಲ ಎಂದು ತಮ್ಮ ಸಂತೋಷಪಟ್ಟ. ಬೊಂಬೆ ಬರಲಿ, ಆದರೆ ಕೊನೆಯ ದೃಶ್ಯವನ್ನು ಏನು ಮಾಡುತ್ತಾರೋ ಎಂದು ಅಭಿಮಾನಿಗಳು ಮತ್ತೆ ಎರಡು ಪಂಗಡವಾದರು. ಐದನೆಯದೊಂದು ದೃಶ್ಯ ಸೇರಿಸಿ, ನಾಲ್ಕನೆಯದನ್ನು ಹಾಗೇ ಬಿಡಿ ಎಂಬುದು ನನ್ನ ಸಲಹೆ. ಅದನ್ನು ಯಾರೂ ಕೇಳಿಲ್ಲ ಎನ್ನಿ!

ಆ ಮಧ್ಯಾಹ್ನ ಹೊರಗೆ ಬರುವಾಗ ಆ ಹಿರಿಯರು ಹಿಂದೆಯೇ ಉಳಿದರು. ಖಾಲಿಯಾಗುತ್ತಿದ್ದ ಕುರ್ಚಿಗಳ ನಡುವೆ ಒಂದು ಕ್ಷಣ ನಿಂತು, ಮುಚ್ಚಿದ ಪರದೆಯ ಕಡೆ ನೋಡಿ, ಟೋಪಿ ಸರಿಮಾಡಿಕೊಂಡು ಬಂದರು. ನ್ಯೂಯಾರ್ಕಿನಲ್ಲಿ ಎಂಟು ವರ್ಷದವರಾಗಿದ್ದಾಗ ತಮ್ಮ ತಂದೆ ಪಕ್ಕದಲ್ಲಿದ್ದರೆಂದೂ, ಇಂದು ಆ ತಂದೆಯ ವಯಸ್ಸನ್ನೂ ದಾಟಿ ಬಂದಿರುವುದಾಗಿಯೂ ಹೇಳಿದರು. ಜಾನ್ ಮಾತ್ರ ಅಂದಿನ ಪ್ರಾಯದಲ್ಲೇ ಇದ್ದಾನೆ. ಅಲ್ಲಿ ರಂಗ ಕದಲುವುದಿಲ್ಲ. ತಿರುಗಿ ಮುಂದೆ ಸಾಗುವವರು ನಾವು.

ಹೊರಗೆ ಮಳೆ ನಿಂತಿತ್ತು. ಸ್ಪೇಸ್ ಮೌಂಟನ್‌ನ ಸಾಲು ಇನ್ನೂ ಉದ್ದವಾಗಿತ್ತು. ನಮ್ಮ ಹುಡುಗಿ ಅದರ ಕಡೆಗೆ ಓಡಿದಳು.