ನನ್ನ ಕಡೆಯ ದಲ್ಲಾಳಿ

ವೈದ್ಯರನ್ನು ನಾವೇ ಆರಿಸಿಕೊಳ್ಳುತ್ತೇವೆ. ವಕೀಲರನ್ನು ನಾವೇ ಗೊತ್ತುಮಾಡಿಕೊಳ್ಳುತ್ತೇವೆ. ಇನ್ನು ಕ್ಷೌರದ ವಿಷಯದಲ್ಲಂತೂ, ಒಬ್ಬನ ಕತ್ತರಿಗೆ ಒಗ್ಗಿದ ತಲೆಯನ್ನು ಇನ್ನೊಬ್ಬನ ಕೈಗೆ ಕೊಡಲು ಒಪ್ಪದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮೂರು ನಾಲ್ಕು ವರ್ಷ ಆ ತಲೆಯ ಮೇಲೆ ಸೂರಾಗಿ ನಿಲ್ಲಬೇಕಾದ ಮನೆಯನ್ನು ಹುಡುಕಿಕೊಡುವ ದಲ್ಲಾಳಿಯನ್ನು ಮಾತ್ರ ಯಾರೋ ಕಳುಹಿಸಿಕೊಡುತ್ತಾರೆ. ನಾವು ಸುಮ್ಮನೆ ಅವನ ಬೆನ್ನು ಹಿಡಿದು ಹೋಗುತ್ತೇವೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ವರ್ಗವಾದವನು ಸದಾ ಅವಸರದಲ್ಲಿರುತ್ತಾನೆ. ಹೊಸ ಕಚೇರಿಗೆ ಸೇರುವ ದಿನ ಗೊತ್ತಾಗಿರುತ್ತದೆ. ಹಳೆಯ ಮನೆಯ ಯಜಮಾನರಿಗೆ ಬಿಡುವ ದಿನ ತಿಳಿಸಿಯಾಗಿರುತ್ತದೆ. ಮಗನ ಶಾಲೆಯಿಂದ ಪತ್ರ ಬರಬೇಕು, ಗ್ಯಾಸಿನ ವಿಳಾಸ ಬದಲಾಗಬೇಕು, ಲಾರಿಯವನಿಗೆ ಮುಂಗಡ ಕೊಡಬೇಕು. ಇಂಥ ಹೊತ್ತಿನಲ್ಲಿ ‘ಮನೆಯ ಚಿಂತೆ ನಿಮಗೆ ಬೇಡ, ನಮ್ಮವರೊಬ್ಬರಿದ್ದಾರೆ’ ಎಂದು ಕಚೇರಿಯೇ ಹೇಳಿದರೆ ದೇವರೇ ಬಂದು ಅಭಯಹಸ್ತ ತೋರಿದಂತಾಗುತ್ತದೆ. ಆ ‘ನಮ್ಮವರು’ ಎಂಬ ಮಾತಿನಲ್ಲಿ ‘ನಾವು’ ಯಾರು ಎಂದು ಕೇಳುವ ವ್ಯವಧಾನ ಯಾರಿಗಿರುತ್ತದೆ?

ನಾನು ಒಂದು ಬ್ಯಾಂಕಿನ ನೌಕರ. ಬೆಂಗಳೂರಿನಿಂದ ಕೊಟ್ಟೂರಿಗೆ ವರ್ಗವಾದಾಗ ಆಜ್ಞೆಯ ಜೊತೆಗೆ ಒಂದು ಪಟ್ಟಿಯೂ ಬಂತು. ಅದರಲ್ಲಿ ಹೆಸರಿರುವ ದಲ್ಲಾಳಿಯ ಮೂಲಕ ಮನೆ ಹಿಡಿದರೆ ಅವನ ಶುಲ್ಕವನ್ನು ಕಚೇರಿಯೇ ಭರಿಸುತ್ತದೆ. ಬೇರೆಯವನನ್ನು ಗೊತ್ತುಮಾಡಿಕೊಂಡರೆ ಆಕ್ಷೇಪವೇನೂ ಇಲ್ಲ, ಆದರೆ ಶುಲ್ಕ ಸ್ವಂತದ್ದು ಎಂಬುದು ಅದರ ಸಾರಾಂಶ. ಪಟ್ಟಿಯ ಮಹನೀಯರು ಇದ್ದುದು ಹೊಸಪೇಟೆಯಲ್ಲಿ. ಬಹಳ ಚುರುಕಿನವರು. ಮರುದಿನವೇ ಒಂದು ಮಹಡಿಯ ಮನೆಯ ಹನ್ನೆರಡು ಚಿತ್ರಗಳು ನನ್ನ ಮೊಬೈಲಿಗೆ ಬಂದವು. ಮುಖ ಕಾಣುವಂಥ ನೆಲ, ಮಿರುಗುವ ಅಡುಗೆಕಟ್ಟೆ, ಗೋಡೆಗೆ ಗುಲಾಬಿ ಬಣ್ಣ. ನಾನು ಕೇಳಿದೆ: ‘ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ?’ ‘ವ್ಯವಸ್ಥೆ ಇದೆ ಸಾರ್.’ ‘ಮೆಟ್ಟಿಲು ಎಷ್ಟು?’ ‘ಅದಕ್ಕೂ ವ್ಯವಸ್ಥೆ ಇದೆ ಸಾರ್.’

ಮೆಟ್ಟಿಲಿನ ಪ್ರಶ್ನೆ ನನ್ನದಲ್ಲ, ನನ್ನ ತಾಯಿಯದು. ಎಪ್ಪತ್ತೆಂಟು ವರ್ಷದ ಆಕೆ ಊರು ಬಿಟ್ಟು ಬರಲು ಹಾಕಿದ ಷರತ್ತುಗಳು ಎರಡೇ: ಮನೆಗೆ ಮೆಟ್ಟಿಲಿರಕೂಡದು, ಬಾಗಿಲಲ್ಲಿ ಕೂತರೆ ದಿನಕ್ಕೆ ನಾಲ್ಕು ಜನರ ಮುಖ ಕಾಣಬೇಕು. ಇವು ನಡೆಯದಿದ್ದರೆ ತಮ್ಮನ ಮನೆಗೆ ಹೋಗುವುದಾಗಿ ಆಕೆ ಆಗಲೇ ಹೇಳಿಬಿಟ್ಟಿದ್ದಳು. ಆ ಮಾತಿನ ಅರ್ಥ ನನಗೆ ಗೊತ್ತು. ಆ ವಯಸ್ಸಿನಲ್ಲಿ ತಮ್ಮನ ಮನೆಗೆ ಹೋದವಳು ಮತ್ತೆ ಮಗನ ಮನೆಗೆ ಬರುವುದು ಕಷ್ಟ. ಪಟ್ಟಿಯ ಮಹನೀಯರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಇಷ್ಟು ದಿನದೊಳಗೆ ಇಂಥವರಿಗೆ ಮನೆ ದೊರಕಿಸಿದ್ದಾಯಿತು ಎಂದು ಅವರು ಕಚೇರಿಗೆ ಬರೆದು ತಿಳಿಸಬೇಕಿತ್ತು. ಆ ಕಾಗದದಲ್ಲಿ ನನ್ನ ತಾಯಿಯ ಮೊಣಕಾಲಿಗೆ ಜಾಗವಿರಲಿಲ್ಲ.

ಹಾಗಾಗಿ ಮನೆಯವರನ್ನೆಲ್ಲ ಬೆಂಗಳೂರಿನಲ್ಲೇ ಬಿಟ್ಟು ನಾನೊಬ್ಬನೇ ಬಂದು ಒಂದು ಲಾಡ್ಜಿನಲ್ಲಿ ಇಳಿದುಕೊಂಡೆ.

ವರ್ಗಾವಣೆಯ ಸಂಕಟ ಈ ಸೀಮೆಗೆ ಹೊಸದಲ್ಲ. ಮನುಷ್ಯರಿರಲಿ, ಊರುಗಳೇ ಇಲ್ಲಿ ಕುಳಿತಲ್ಲೇ ವರ್ಗವಾಗಿವೆ. ಪಕ್ಕದ ಹರಪನಹಳ್ಳಿಯನ್ನು ನೋಡಿ: 1953ರಲ್ಲಿ ಬಳ್ಳಾರಿ ಸೀಮೆಯೊಡನೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು; 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು; 2018ರಲ್ಲಿ ಬಳ್ಳಾರಿಗೆ ಹಿಂದಿರುಗಿತು; 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರಿನ ಸೇವಾದಾಖಲೆ ಅಷ್ಟು ಉದ್ದವಿಲ್ಲ. ಕೂಡ್ಲಿಗಿ ತಾಲ್ಲೂಕಿನ ಊರಾಗಿದ್ದದ್ದು ಬಡ್ತಿ ಪಡೆದು ತಾನೇ ತಾಲ್ಲೂಕಾಗಿದೆ. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳನ್ನು ದಾಟಿಕೊಂಡು ರೈಲು ಬರುತ್ತದೆ. ಗುರು ಕೊಟ್ಟೂರೇಶ್ವರನ ತೇರಿನ ದಿನ ದಾವಣಗೆರೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ಜನ ನಡೆದೇ ಬರುತ್ತಾರೆ. ಉಳಿದ ದಿನಗಳಲ್ಲಿ ಊರನ್ನು ಎಚ್ಚರವಾಗಿಡುವುದು ಮಂಡಕ್ಕಿ, ಮೆಣಸಿನಕಾಯಿ ಮತ್ತು ಮಾರುಕಟ್ಟೆ.

ದಲ್ಲಾಳಿಯ ವಿಷಯದಲ್ಲಿ ನನಗೆ ಮೊದಲ ಪಾಠವಾದದ್ದು ಆ ಮಾರುಕಟ್ಟೆಯಿಂದಲೇ. ಸಾಲ ತೀರಿಸಲು ಬ್ಯಾಂಕಿಗೆ ಬಂದ ಒಬ್ಬ ರೈತರು, ಮೆಕ್ಕೆಜೋಳ ಮಾರಿ ಬಂದವರು, ಮಾತಿಗೆ ಕುಳಿತರು. ದಲ್ಲಾಳಿ ಅಂಗಡಿಗಳು ಇಷ್ಟೊಂದಿವೆಯಲ್ಲ, ನೀವು ಯಾವ ಅಂಗಡಿಗೆ ಮಾಲು ಹಾಕಬೇಕೆಂದು ಹೇಗೆ ಆರಿಸುತ್ತೀರಿ ಎಂದು ಕೇಳಿದೆ. ‘ಅದೇನು ದೊಡ್ಡ ಮಾತು ಬಿಡ್ರಿ’ ಎಂದರು. ‘ತೂಕಕ್ಕೆ ನಿಂತಾಗ ನನ್ನ ಕಡಿ ಮಾತಾಡ್ತಾನೋ, ಖರೀದಿ ಮಾಡೋನ ಕಡಿ ಮಾತಾಡ್ತಾನೋ ನೋಡ್ತೀನ್ರಿ. ಒಂದ್ಸಲ ನೋಡಿದ್ರ ಸಾಕು.’ ಆಮೇಲೆ ಸ್ವಲ್ಪ ತಡೆದು, ‘ಆದ್ರ ಸಾಹೇಬ್ರ, ಬಿತ್ತೋವಾಗ ಅವನ ಹತ್ರ ರೊಕ್ಕ ತಗೊಂಡಿದ್ದೆ ಅಂದ್ರ ಆರಿಸೋ ಮಾತು ಇಲ್ರಿ. ಮಾಲು ಅವನ ಅಂಗಡಿಗೇ ಹೋಗಬೇಕು’ ಎಂದರು.

ನಮ್ಮ 1966ರ ಕೃಷಿ ಮಾರುಕಟ್ಟೆ ಕಾಯ್ದೆಯ ಪ್ರಕಾರ ದಲ್ಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ರೈತನಿಂದ ಹಿಡಿಯುವಂತಿಲ್ಲ. ಎಂದರೆ ರೈತನ ಪರವಾಗಿ ನಿಲ್ಲಬೇಕಾದವನಿಗೆ ದುಡ್ಡು ಕೊಡುವವನು ಎದುರು ಪಕ್ಷದವನು. ಆ ರೈತರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅವರು ಅಂಗಡಿಯ ಬೋರ್ಡು ನೋಡುವುದಿಲ್ಲ, ತೂಕದ ಹೊತ್ತಿನ ನಾಲಿಗೆಯನ್ನು ನೋಡುತ್ತಾರೆ. ಅವರ ಎರಡನೆಯ ಮಾತು ನನಗೆ ಇನ್ನೂ ಆಳವಾಗಿ ನಾಟಿತು. ಮುಂಗಡ ತೆಗೆದುಕೊಂಡವನಿಗೆ ಆರಿಸುವ ಹಕ್ಕಿಲ್ಲ. ಕಚೇರಿಯೇ ಶುಲ್ಕ ಭರಿಸುತ್ತದೆ ಎಂಬ ಆ ಸವಿಯಾದ ವಾಕ್ಯ ನನ್ನ ಪಾಲಿನ ಬಿತ್ತನೆ ಸಾಲವಾಗಿತ್ತು.

ಅಂದೇ ಸಂಜೆ ನಾನು ಸ್ವಂತ ದಲ್ಲಾಳಿಯನ್ನು ವಿಚಾರಿಸತೊಡಗಿದೆ. ಬ್ಯಾಂಕಿನ ಜವಾನರು ತೋರಿಸಿದ್ದು ಒಬ್ಬ ಅಜ್ಜನನ್ನು. ಅಂಗಡಿಯಿಲ್ಲ, ಬೋರ್ಡಿಲ್ಲ, ಹೆಸರಿನ ಚೀಟಿಯಿಲ್ಲ. ಅವರ ಹಿಂದಿನ ಉದ್ಯೋಗ ಪಟ್ಟಣದಲ್ಲಿ ನೀರು ಬಿಡುವುದು. ಯಾವ ಓಣಿಯ ನಲ್ಲಿಯಲ್ಲಿ ನೀರು ಸುರಿಯುತ್ತದೆ, ಯಾವುದರಲ್ಲಿ ಬರಿಯ ಗಾಳಿ ಬುಸುಗುಟ್ಟುತ್ತದೆ, ಯಾವ ಮನೆಯೊಡೆಯರು ಬಾಡಿಗೆಯವರ ನಲ್ಲಿಯನ್ನು ಹೊರಗಿನಿಂದ ತಿರುವಿ ನಿಲ್ಲಿಸುತ್ತಾರೆ ಎಂಬ ಇಡೀ ಶಾಸ್ತ್ರ ಅವರಿಗೆ ಕಂಠಪಾಠ. ಮನೆ ತೋರಿಸುವವನಿಗೆ ಇದಕ್ಕಿಂತ ಮಿಗಿಲಾದ ವಿದ್ಯೆ ಯಾವುದಿದೆ?

‘ಶುಲ್ಕ ಎಷ್ಟು ಅಜ್ಜಾರೆ?’ ಎಂದೆ. ‘ಅರ್ಧ ತಿಂಗಳ ಬಾಡಗಿ ಕೊಡ್ರಿ. ಮನಿ ಸಿಗದಿದ್ರ ಚಾ ಕುಡಿಸ್ರಿ, ಸಾಕು.’ ಆಮೇಲೆ ಅವರು ಕೇಳಿದ ಪ್ರಶ್ನೆ: ‘ಮನ್ಯಾಗ ಜಾಸ್ತಿ ಹೊತ್ತು ಇರೋರು ಯಾರ್ರಿ?’ ಅಮ್ಮ ಎಂದೆ. ‘ಹಂಗಾರ ಅಮ್ಮಾರ್ನ ಕೇಳ್ರಿ, ಫೋನ್ ಹಚ್ಚಿ ಕೊಡ್ರಿ’ ಎಂದರು. ಕಾಲು ಗಂಟೆ ಇಬ್ಬರೂ ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಎಷ್ಟು ತಿಳಿಯಿತೋ ನಾನರಿಯೆ. ಎರಡು ಮೊಣಕಾಲುಗಳ ಸಮಾಚಾರವಂತೂ ಪೂರ್ತಿಯಾಗಿ ವಿನಿಮಯವಾಯಿತು.

ಮೊದಲ ಮನೆಯನ್ನು ಅವರು ಹೊರಗಿನಿಂದಲೇ ತೋರಿಸಿ, ‘ಇದು ಬೇಸಿಗ್ಯಾಗ ಹಂಚು ಇದ್ದಂಗ ಕಾಯ್ತತಿ’ ಎಂದು ಮುಂದೆ ನಡೆದರು. ಎರಡನೆಯದು ಅಗಲವಾದ ಪಡಸಾಲೆಯ ಒಳ್ಳೆಯ ಮನೆ. ಯಜಮಾನರು ಕುರ್ಚಿ ಹಾಕಿಸಿ, ನೀರು ಕೊಡಿಸಿ, ಊರು ಕೇಳಿ, ಸಂಬಳ ಕೇಳಿ, ಕೊನೆಗೆ ದನಿ ಇಳಿಸಿ, ‘ಅಂದಂಗ ನೀವು ಯಾವ ಮಂದಿ?’ ಎಂದು ಕೇಳಿದರು.

ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಬೆಂಗಳೂರಿನಲ್ಲಿ ಇದನ್ನು ‘ಸಸ್ಯಾಹಾರಿಗಳೇ?’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಇಲ್ಲಿ ನೇರವಾಗಿ ಕೇಳಿದರು, ಅಷ್ಟೇ ವ್ಯತ್ಯಾಸ. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಉತ್ತರ ಕೊಟ್ಟುಬಿಟ್ಟರು: ‘ತಿಂಗಳ ಐದನೇ ತಾರೀಕಿಗೆ ಬಾಡಗಿ ಕೊಡೋ ಮಂದಿ ರೀ.’ ಯಜಮಾನರು ನಕ್ಕರು, ನಾನೂ ನಕ್ಕೆ. ಹೊರಗೆ ಬಂದಮೇಲೆ ಅಜ್ಜ ಮಾತ್ರ ನಗಲಿಲ್ಲ. ‘ಹೇಳಿದ್ರ ನಿಮಗ ಮನಿ ಕೊಟ್ಟಾರು ಸಾಹೇಬ್ರ. ಆದ್ರ ನಾಳೆ ನಿಮ್ಮ ಮನಿಗೆ ಬರೋ ಎಲ್ಲಾರ್ನೂ ಕೇಳ್ತಾರ. ನಿಮ್ಮ ಜವಾನ ಬಂದ್ರ ಬಾಗಿಲಾಗ ನಿಂದರಸ್ತಾರ. ಬ್ಯಾಡ್ರಿ.’ ನಾನು ಆ ಜವಾನರ ಮುಖ ನೋಡಿದೆ. ಅವರು ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದರು, ಅಂಗಳದೊಳಗೆ ಬಂದಿರಲಿಲ್ಲ. ಬಾರದೆ ಇದ್ದುದು ಯಾಕೆಂದು ಆಗಲೇ ನನಗೆ ಹೊಳೆದದ್ದು. ಹನ್ನೆರಡು ಚಿತ್ರಗಳಲ್ಲಿ ಹದಿಮೂರನೆಯದೊಂದಿದ್ದರೂ ಅದರಲ್ಲಿ ಇದು ಕಾಣುತ್ತಿರಲಿಲ್ಲ.

ಮೂರನೆಯ ಮನೆಯ ದೋಷಗಳನ್ನು ಅಜ್ಜ ಬೀಗ ತೆಗೆಯುವ ಮೊದಲೇ ಒಪ್ಪಿಸಿದರು. ಮಳೆ ಹೊಡೆದರೆ ಹಿತ್ತಲ ಗೋಡೆ ಹಸಿಯಾಗುತ್ತದೆ. ಜಾತ್ರೆಯ ದಿನಗಳಲ್ಲಿ ಓಣಿಯಿಂದ ಗಾಡಿ ಹೊರಗೆ ತೆಗೆಯಲಾಗದು. ಮನೆಯೊಡತಿಗೆ ಬಾಯಿ ಜೋರು, ಮನಸ್ಸು ಒಳ್ಳೆಯದು. ಓಣಿ ಇಳಿಜಾರಿನಲ್ಲಿರುವುದರಿಂದ ನೀರಿಗೆ ಕೊರತೆಯಿಲ್ಲ. ಬಾಗಿಲ ಮುಂದೆ ಒಂದು ಕಲ್ಲಿನ ಕಟ್ಟೆ. ಮೆಟ್ಟಿಲು ಒಂದೇ ಒಂದು, ಅದೂ ಗೇಣುದ್ದ.

ಒಪ್ಪಂದವಾದ ಸಂಜೆ ಅಜ್ಜ ಲಾಡ್ಜಿಗೆ ಬಂದು, ‘ಮನಿ ಅವ್ವಾರೂ ನನಗ ಅರ್ಧ ಬಾಡಗಿ ಕೊಡ್ತೀನಿ ಅಂತಾರ್ರಿ. ನಿಮಗ ಹೇಳದ ತಗೊಳ್ಳೋದು ಸರಿಯಲ್ಲ. ಎರಡೂ ಕಡಿ ಉಂಡ್ರ ನಾಲಿಗಿ ಎರಡಾಕ್ಕತಿ’ ಎಂದರು. ಈ ಮಾತನ್ನು ಹೇಳುವ ಮುನ್ನ ಅವರು ಕಾನೂನು ಓದಿದವರಲ್ಲ. ಆದರೆ 1872ರ ನಮ್ಮ ಕರಾರು ಕಾಯ್ದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ನೇಮಿಸಿದವನಿಗೆ ತಿಳಿಸದೆ ಪ್ರತಿನಿಧಿಯು ಅದೇ ವ್ಯವಹಾರವನ್ನು ಸ್ವಂತಕ್ಕೆ ನಡೆಸಿಕೊಂಡರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು ನೇಮಿಸಿದವನಿಗಿದೆ. ನಾನು ‘ತೆಗೆದುಕೊಳ್ಳಿ ಅಜ್ಜಾರೆ, ನನಗೆ ಗೊತ್ತಾಯಿತಲ್ಲ’ ಎಂದೆ. ಅವರು ತೆಗೆದುಕೊಂಡರೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಈ ಕಥೆಯನ್ನು ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವನು ಜೋರಾಗಿ ನಕ್ಕ. ಅವನ ಕಂಪನಿ ಅವನನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳುಹಿಸಿದಾಗ ಅಲ್ಲಿಯೂ ಇದೇ ಪಟ್ಟಿ ಬಂದಿತ್ತಂತೆ. ಅಲ್ಲಿ ನೌಕರರನ್ನು ಸಾಗಿಸುವುದಕ್ಕೆಂದೇ ಬೇರೆ ಕಂಪನಿಗಳಿವೆ. ಅವು ಸೂಚಿಸುವ ದಲ್ಲಾಳಿ ತನ್ನ ದಲ್ಲಾಲಿಯಲ್ಲಿ ಒಂದು ದೊಡ್ಡ ಪಾಲನ್ನು ಗಿರಾಕಿ ಕಳುಹಿಸಿದ್ದಕ್ಕಾಗಿ ಆ ಕಂಪನಿಗೇ ಕೊಡುವುದು ವಾಡಿಕೆ. ಹಾಗೆಂದು ಕಂಪನಿಗೆ ತಿಳಿಸದೆ ಸ್ವಂತ ದಲ್ಲಾಳಿಗೆ ಸಹಿ ಹಾಕಿಕೊಟ್ಟರೆ, ಬರಬೇಕಾದ ಸೌಲಭ್ಯ ತಪ್ಪಿಹೋಗುವ ಅಪಾಯವೂ ಉಂಟು. ಅವನು ಮೊದಲೇ ಬರೆದು ಕೇಳಿದ, ಕಂಪನಿ ಒಪ್ಪಿತು. ಅದೇ ದೇಶದಲ್ಲಿ ಬಹುಕಾಲ ಕೊಳ್ಳುವವನ ದಲ್ಲಾಳಿಗೂ ಮಾರುವವನ ಕಡೆಯಿಂದಲೇ ದುಡ್ಡು ಬರುವ ಪದ್ಧತಿಯಿತ್ತು. ನ್ಯಾಯಾಲಯದಲ್ಲಿ ದೊಡ್ಡ ವ್ಯಾಜ್ಯವಾಗಿ, 2024ರ ಆಗಸ್ಟಿನಿಂದ, ಅಲ್ಲಿನ ರಾಷ್ಟ್ರೀಯ ದಲ್ಲಾಳಿ ಸಂಘಕ್ಕೆ ಸೇರಿದವರು ಮನೆ ತೋರಿಸುವ ಮೊದಲೇ ಕೊಳ್ಳುವವನೊಡನೆ ಶುಲ್ಕವನ್ನು ನಮೂದಿಸಿದ ಕರಾರು ಮಾಡಿಕೊಳ್ಳಬೇಕಾಗಿದೆ. ನೀನು ಯಾರವನು ಎಂದು ಕೇಳುವ ಕೊಟ್ಟೂರಿನ ರೈತರ ಪ್ರಶ್ನೆ ಅಲ್ಲಿಗೂ ತಲುಪಿದೆ ಎನ್ನಬೇಕು.

ನಮ್ಮಲ್ಲಿ ನಿವೇಶನ, ಫ್ಲ್ಯಾಟು ಕೊಳ್ಳುವವರಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಆಸರೆಯಿದೆ. ಆ ಕಾಯ್ದೆಯಡಿ ನೋಂದಾಯಿತವಾದ ಯೋಜನೆಗಳಲ್ಲಿ ಮಧ್ಯಸ್ಥಿಕೆ ಮಾಡುವವನು ತಾನೂ ನೋಂದಾಯಿಸಿಕೊಂಡಿರಬೇಕು. ಬಾಡಿಗೆ ಮನೆಯ ದಲ್ಲಾಳಿಗೆ ಆ ಕಾಯ್ದೆಯ ಕಟ್ಟು ಇಲ್ಲ. ಆದ್ದರಿಂದ ಬಾಡಿಗೆಯವನು ತನ್ನ ಎಚ್ಚರವನ್ನು ತಾನೇ ಹೊತ್ತು ತಿರುಗಬೇಕು. ಕಚೇರಿಯ ನಿಯಮವನ್ನು ಮೊದಲು ಓದಿ, ಸ್ವಂತ ದಲ್ಲಾಳಿಗೆ ಅನುಮತಿ ಉಂಟೇ ಎಂದು ಬರೆದು ಕೇಳಬೇಕು. ಅವನ ಶುಲ್ಕವನ್ನು ಮನೆ ನೋಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ಕಡೆಯಿಂದ ನಿನಗೆ ಏನು ಬರುತ್ತದೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಈ ಮನೆ ಬೇಡ ಎಂದು ಒಮ್ಮೆಯಾದರೂ ಹೇಳಿದನೇ ಎಂದು ಗಮನಿಸಬೇಕು. ಯಾವ ಮನೆಯನ್ನೂ ಬೇಡ ಎನ್ನದವನು ಮನೆ ಹುಡುಕುತ್ತಿಲ್ಲ, ಗಿರಾಕಿಯನ್ನು ಹುಡುಕುತ್ತಿದ್ದಾನೆ.

ನಷ್ಟದ ಲೆಕ್ಕವನ್ನೂ ಹೇಳಿಬಿಡಬೇಕು. ಪುಕ್ಕಟೆ ಸಿಗುತ್ತಿದ್ದ ದಲ್ಲಾಳಿಯನ್ನು ಬಿಟ್ಟು ನಾನು ಅರ್ಧ ತಿಂಗಳ ಬಾಡಿಗೆ ಕೈಯಿಂದ ಕೊಟ್ಟೆ. ಲಾಡ್ಜಿನ ಖರ್ಚು ಬೇರೆ. ಇಷ್ಟು ಕೊಡಲಾರದ ನೌಕರರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಪಟ್ಟಿಯೇ ಗತಿ. ಶುಲ್ಕ ಭರಿಸುವ ಕಚೇರಿಗಳು, ಯಾರಿಗೆ ಕೊಡಬೇಕೆಂಬ ಮಾತನ್ನಾದರೂ ಆ ಮನೆಯಲ್ಲಿ ವಾಸಿಸುವವನಿಗೆ ಬಿಟ್ಟರೆ ಅವುಗಳ ಬೊಕ್ಕಸಕ್ಕೆ ಒಂದು ಕಾಸೂ ಹೆಚ್ಚಾಗಲಾರದು.

ತಾಯಿ ಬಂದು ಈಗ ಎರಡು ವರ್ಷ. ಕಟ್ಟೆಯ ಮೇಲೆ ಕೂತರೆ ನಾಲ್ಕಲ್ಲ, ನಲವತ್ತು ಜನ ಮಾತನಾಡಿಸುತ್ತಾರೆ. ಜವಾನರು ಬಂದರೆ ಒಳಗೆ ಬಂದು ಕೂತು ಚಹಾ ಕುಡಿಯುತ್ತಾರೆ. ಹಿತ್ತಲ ಗೋಡೆ ಅಜ್ಜ ಹೇಳಿದ್ದಂತೆಯೇ ಮಳೆಗಾಲದಲ್ಲಿ ಹಸಿಯಾಗುತ್ತದೆ. ಮೊದಲೇ ತಿಳಿದಿದ್ದರಿಂದ ಬೀರುವನ್ನು ಎದುರಿನ ಗೋಡೆಗಿಟ್ಟಿದ್ದೇವೆ. ನಮ್ಮ ಬ್ಯಾಂಕಿನಲ್ಲಿ ಮೂರು ವರ್ಷಕ್ಕೆ ವರ್ಗ ತಪ್ಪಿದ್ದಲ್ಲ. ಎಲ್ಲಿಗೆ ಎಂಬುದು ಆಜ್ಞೆ ಬಂದಾಗ ತಿಳಿಯುತ್ತದೆ. ಅದು ಯಾವ ಊರೇ ಇರಲಿ, ಅಲ್ಲಿ ಇಳಿದವನು ಮೊದಲು ವಿಚಾರಿಸುವುದು ಇಲ್ಲಿ ನೀರು ಬಿಡುವವರು ಯಾರು ಎಂದು.