ಕೊಂಬಿಲ್ಲದ ಕೊಂಬಿನ ಮೀನು

ಕೊಡಿಗೇಹಳ್ಳಿಗೂ ಸಮುದ್ರಕ್ಕೂ ಏನ್ ಸಂಬಂಧ ಅಂತ ಕೇಳಬೇಡಿ. ಕಳೆದ ಸೆಮಿಸ್ಟರ್ ಪೂರ್ತಿ ರೈಲ್ವೆ ಸ್ಟೇಷನ್ ಹತ್ತಿರದ ನಮ್ಮ ರೂಮಲ್ಲಿ ನಾವು ಮೂರು ಜನ ಮೀನು ನೋಡಿದ್ದೇ ನೋಡಿದ್ದು. ಫೋಟೋ ಕೊಟ್ಟರೆ ಹವಳದ ದಿಬ್ಬದ ಮೀನು ಯಾವುದು ಅಂತ ಹೇಳುವ ಪ್ರೋಗ್ರಾಂ ಬರೆಯೋದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್. ಫೋಟೋಗಳು ನಮ್ಮಲ್ಲೊಬ್ಬನ ಅಣ್ಣ ಲಕ್ಷದ್ವೀಪದ ಕಡಮತ್‌ನಲ್ಲಿ ಡೈವಿಂಗ್ ಮಾಡುವಾಗ ತೆಗೆದವು. ಕಡಮತ್ ನಮಗೆ ಪೂರ್ತಿ ಹೊರಗಿನದೂ ಅಲ್ಲ. ಅದು ಸೇರಿರುವ ಅಮಿನಿದಿವಿ ದ್ವೀಪಗಳು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ಅವು ಕೇಂದ್ರಾಡಳಿತಕ್ಕೆ ಹೋದವು.

ನಾವು ಆರಿಸಿಕೊಂಡಿದ್ದು ಯೂನಿಕಾರ್ನ್ ಮೀನು. ಹಣೆ ಮೇಲೆ ಕೊಂಬು ಇರುತ್ತೆ, ಗುರುತು ಹಿಡಿಯೋದು ಸುಲಭ ಅನ್ನೋ ಲೆಕ್ಕಾಚಾರ. ಕೊಂಬಿದ್ದರೆ ಯೂನಿಕಾರ್ನ್, ಇಲ್ಲದಿದ್ದರೆ ಬೇರೆ ಮೀನು. ನಮ್ಮಲ್ಲೊಬ್ಬ ಎರಡು ವಾರ ನಿದ್ದೆಗೆಟ್ಟು ಒಂದೊಂದೇ ಫೋಟೋಗೆ ಲೇಬಲ್ ಹಾಕಿದ. ರಿಸಲ್ಟ್ ನೋಡಿದರೆ ಸೂಪರ್!

ರಿವ್ಯೂಗೆ ಎರಡು ದಿನ ಇದೆ ಅನ್ನುವಾಗ ಇನ್ನೊಬ್ಬನ ಅಪ್ಪ ವಿಡಿಯೋ ಕಾಲ್ ಮಾಡಿದರು. ಭಟ್ಕಳದ ಕಡೆಯವರು, ಬೋಟಿಗೆ ಹೋಗುವವರು. ಸ್ಕ್ರೀನ್ ಮೇಲಿದ್ದ ಮೀನು ಕಂಡಿದ್ದೇ, "ತಲೆ ಎಂತಕ್ಕೆ ನೋಡ್ತೀರಾ ಮಾರಾಯ್ರೆ? ಬಾಲದ ಬುಡ ನೋಡಿ. ಕೈ ಇಟ್ರೆ ಕೊಯ್ತದೆ" ಅಂದರು.

ಆ ರಾತ್ರಿ ಕೂತು ಓದಿದೆವು. ಈ ಮೀನುಗಳ ಕುಲದ ಹೆಸರು ನಾಸೋ, ಸೇರಿರುವುದು ಸರ್ಜನ್ ಮೀನುಗಳ ಕುಟುಂಬಕ್ಕೆ. ಸಾಮಾನ್ಯ ಸರ್ಜನ್ ಮೀನಿಗೆ ಬಾಲದ ಬುಡದ ಎರಡೂ ಬದಿಯಲ್ಲಿ ಮಡಚುವ ಚಾಕುವಿನಂಥ ಒಂದೊಂದು ಮುಳ್ಳು. ನಾಸೋಗಳಲ್ಲಿ ಮಡಚದ ಗಟ್ಟಿ ಅಲಗು, ಹೆಚ್ಚಿನವಕ್ಕೆ ಒಂದೊಂದು ಬದಿಗೆ ಎರಡೆರಡು. ಕೊಂಬಿನ ಕಥೆಯೇ ಬೇರೆ. ನಾಸೋ ಯೂನಿಕಾರ್ನಿಸ್‌ಗೆ ಅದು ಗಿಡ್ಡ, ಬಾಯಿಯ ಮುಂದಕ್ಕೆ ಚಾಚುವುದಿಲ್ಲ. ಬಾಲದ ಅಲಗುಗಳು ನೀಲಿ. ನಾಸೋ ಬ್ರೆವಿರೋಸ್ಟ್ರಿಸ್‌ಗೆ ಬಾಯಿ ದಾಟಿ ಮುಂದೆ ಹೋಗುವ ಉದ್ದ ಕೊಂಬು. ನಾಸೋ ಎಲೆಗನ್ಸ್‌ಗೆ ಜೀವಮಾನವಿಡೀ ಕೊಂಬೇ ಇಲ್ಲ. ಅಲಗುಗಳ ಸುತ್ತ ಕಿತ್ತಳೆ ಬಣ್ಣ. ಇನ್ನು ಕೊಂಬು ಬರುವ ಪ್ರಭೇದಗಳ ಮರಿಗಳಿಗೂ ಅದು ಹುಟ್ಟಿನಿಂದ ಇರೋದಿಲ್ಲ, ಬೆಳೀತಾ ಬರುತ್ತೆ.

ಅಂದರೆ ನಮ್ಮ ಪ್ರೋಗ್ರಾಂ ಮರಿಗಳನ್ನೆಲ್ಲ ಲೆಕ್ಕದಿಂದಲೇ ತೆಗೆದುಹಾಕಿತ್ತು. ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡು ಸತ್ತಿತು. ಸತ್ತ ಹವಳದ ಮೇಲೆ ಪಾಚಿ ಹಬ್ಬಿದರೆ ಹೊಸ ಹವಳಕ್ಕೆ ಜಾಗ ಸಿಗೋದಿಲ್ಲ. ಆ ಪಾಚಿಯನ್ನು ಮೇಯುವವರಲ್ಲಿ ನಾಸೋ ಯೂನಿಕಾರ್ನಿಸ್ ಕೂಡ ಒಂದು. ಮುಂದಿನ ತಲೆಮಾರಿನ ಮರಿಗಳು ಕಣ್ಣೆದುರೇ ಇದ್ದರೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

"ರಿವ್ಯೂ ಮುಗೀಲಿ, ಆಮೇಲೆ ಸರಿ ಮಾಡೋಣ, ಯಾರಿಗ್ ಗೊತ್ತಾಗುತ್ತೆ ಮಗಾ?" ಅಂದ ಒಬ್ಬ. ಲೇಬಲ್ ಹಾಕಿದವನು ಮಾತೇ ಆಡದೆ ಹೊರಗೆ ಹೋದ. ಹೊರಗೆ ರೈಲು ಹೋಗುವ ಸದ್ದು, ಒಳಗೆ ನಾವಿಬ್ಬರು. ಅರ್ಧ ಗಂಟೆ ಬಿಟ್ಟು ಮೂರು ಟೀ ಹಿಡಿದುಕೊಂಡು ಬಂದ. "ಮೊದಲನೇ ಫೋಲ್ಡರ್ ತೆಗಿ" ಅಂದ.

ಎರಡು ದಿನದಲ್ಲಿ ಎಲ್ಲ ಮುಗಿಯಲಿಲ್ಲ. ತುಂಬಾ ಚಿಕ್ಕ ಮರಿಗಳಲ್ಲಿ ಅಲಗೂ ಸರಿಯಾಗಿ ಕಾಣಿಸಲಿಲ್ಲ. ಅವಕ್ಕೆ ಅವನೇ ಹೊಸ ಲೇಬಲ್ ಟೈಪ್ ಮಾಡಿದ: "ನಾಸೋ ಇರಬಹುದು, ಪ್ರಭೇದ ಗೊತ್ತಿಲ್ಲ." ರಿವ್ಯೂನಲ್ಲಿ ನಮ್ಮ ರಿಸಲ್ಟ್ ಇಳಿದಿತ್ತು. ಯಾಕೆ ಅಂತ ಗೈಡ್ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆವು. ಮಾರ್ಕ್ಸ್ ಕಮ್ಮಿಯೇ ಬಂತು.

ಸಂಜೆ ಭಟ್ಕಳದಿಂದ ಫೋನು. "ಪಾಸಾಯ್ತಾ?"

"ಆಯ್ತಪ್ಪ."

"ಬಾಲ ನೋಡಿದ್ರಾ?"

"ನೋಡಿದ್ವಿ" ಅಂದೆವು, ಮೂರೂ ಜನ ಒಟ್ಟಿಗೆ.