ಶಾಲೆಗೆ ಸಾಹೇಬರು ಬಂದಾಗ

ಹೆಣ್ಣು ನೋಡಲು ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಏನೇನು ನಡೆಯುತ್ತದೆ ಎಂದು ನಿಮಗೆ ಹೇಳಬೇಕೆ? ಹರಕು ಚಾಪೆ ಅಟ್ಟಕ್ಕೆ, ಪೆಟ್ಟಿಗೆಯಲ್ಲಿದ್ದ ಹೊಸ ಹೊದಿಕೆ ಮಂಚಕ್ಕೆ, ಕೇಸರಿಬಾತಿಗೆ ಎಂದೂ ಇಲ್ಲದ ದ್ರಾಕ್ಷಿ ಗೋಡಂಬಿ! ಸರ್ಕಾರಿ ಹೈಸ್ಕೂಲಿಗೆ ಇನ್‌ಸ್ಪೆಕ್ಷನ್ ಬಂದರೂ ಹೆಚ್ಚುಕಡಿಮೆ ಇದೇ ಸಂಭ್ರಮ, ಇದೇ ಗಾಬರಿ.

ನನ್ನ ಮಗಳು ಒಂಬತ್ತನೇ ತರಗತಿ. ಅವಳ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ನಾನೂ ಒಬ್ಬಳು. ತಪಾಸಣೆಯ ದಿನ ಗೊತ್ತಾದದ್ದೇ ತಡ, ಗೋಡೆಗೆ ಸುಣ್ಣ, ಬಾಗಿಲಿಗೆ ರಂಗೋಲಿ. ವರ್ಷವಿಡೀ ಬೀಗ ಹಾಕಿದ್ದ ಪ್ರಯೋಗಶಾಲೆಯ ಗಾಜಿನ ನಳಿಕೆಗಳಿಗೂ ಅಂದು ಸ್ನಾನ. ಹೆಡ್‌ಮಿಸ್ಸು ನಮ್ಮನ್ನೆಲ್ಲ ಕರೆದು ಕೈಮುಗಿದರು. "ಕೊರತೆ ಏನೂ ಹೇಳ್ಬೇಡಿ ಕಣ್ರಮ್ಮ. ನೋಟೀಸು ಬರೋದು ನನಗೇ."

ಆಕೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಯಾವ ಹುಡುಗಿ ನಾಲ್ಕು ದಿನ ಬರಲಿಲ್ಲವೆಂದರೂ ಐದನೇ ದಿನ ಆಕೆ ಆ ಮನೆಯ ಜಗುಲಿಯಲ್ಲಿ! ಹೋದ ವರ್ಷ ಹದಿನೈದು ತುಂಬದ ಹುಡುಗಿಯೊಬ್ಬಳಿಗೆ ಮದುವೆಯ ಮಾತುಕತೆ ನಡೆದಿತ್ತು. ಈಕೆ ಸಂಜೆಯ ತನಕ ಅಲ್ಲೇ ಕೂತು, ಅಜ್ಜಿಯಿಂದ ಹಿಡಿದು ಸೋದರಮಾವನವರೆಗೆ ಎಲ್ಲರ ಹತ್ತಿರ ಮಾತಾಡಿ, ಹುಡುಗಿಯನ್ನು ಮರುದಿನವೇ ತರಗತಿಗೆ ತಂದು ಕೂರಿಸಿದರು. ಇದು ಯಾವ ರಿಜಿಸ್ಟರಿನಲ್ಲೂ ಇಲ್ಲ ನೋಡಿ. ಹಾಜರಿ ಪುಸ್ತಕದಲ್ಲಿ ಒಂದು ಗೆರೆ, ಅಷ್ಟೆ.

ಬಂದವರು ಮೊದಲು ಕೇಳಿದ್ದು ಎಸ್.ಎಸ್.ಎಲ್.ಸಿ. ಫಲಿತಾಂಶ ಎಷ್ಟು ಪರ್ಸೆಂಟು ಎಂದು. ಈ ಪರ್ಸೆಂಟಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಕೃಪಾಂಕ ಸೇರಿಸಿದರೂ ಶೇ. 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾದರೇ? ನೀವೇ ಹೇಳಿ.

ಇನ್ನು ಕೊರತೆ. ಗಣಿತದ ಮೇಷ್ಟರ ಜಾಗ ಎರಡು ವರ್ಷದಿಂದ ಖಾಲಿ. ಅತಿಥಿ ಶಿಕ್ಷಕರು ಬಂದದ್ದು ಜುಲೈ ಕೊನೆಗೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಕಾಗದದಲ್ಲೂ ಇರುವುದೇ. ಕಾಗದದಲ್ಲಿ ಇಲ್ಲದ್ದು ಇನ್ನೊಂದಿತ್ತು. ಹೆಣ್ಣುಮಕ್ಕಳ ಶೌಚಾಲಯ "ಇದೆ" ಎಂದು ನಮೂದಾಗಿತ್ತು. ಇತ್ತು, ನಿಜ. ಮೋಟಾರು ಸುಟ್ಟು ತಿಂಗಳುಗಳಾಗಿ ನೀರು ಮಾತ್ರ ಇರಲಿಲ್ಲ. ನನ್ನ ಮಗಳು ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೊರಡುತ್ತಿದ್ದಳು. ನೀರಿನ ಬಾಟಲಿ ತುಂಬಿದಂತೆಯೇ ಮನೆಗೆ ವಾಪಸು ಬರುತ್ತಿತ್ತು. ಆ ಮೂರು ದಿನಗಳಲ್ಲಂತೂ ಅರ್ಧ ತರಗತಿಯ ಹುಡುಗಿಯರು ಹೊಟ್ಟೆನೋವೆಂದು ಮನೆಯಲ್ಲೇ. ತಾಯಂದಿರಾದ ನಮಗೆ ಗೊತ್ತು. ಸಾಹೇಬರಿಗೆ ಹೇಗೆ ಗೊತ್ತಾಗಬೇಕು?

ಹೇಳಿದರೆ ಹೆಡ್‌ಮಿಸ್ಸಿಗೆ ನೋಟೀಸು. ಹೇಳದಿದ್ದರೆ ಮಕ್ಕಳ ಗತಿ ಅದೇ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ತಾಯಿಯೊಬ್ಬಳು ಎದ್ದು ನಿಂತಳು. "ಸಾರ್, ಈ ಮೇಡಮ್ಮೋರು ದೇವರಂಥೋರು. ನಮ್ಮ ಹುಡುಗೀನ ಓದಿಸ್ತಿರೋದೇ ಅವರು. ಒಂದ್ಸಲ ಆ ಕಡೆ ಬಂದು ನಲ್ಲಿ ತಿರುಗಿಸಿ ನೋಡಿ ಸಾರ್."

ಹೊಗಳಿಕೆ, ದೂರು ಎರಡೂ ಒಂದೇ ಉಸಿರಿನಲ್ಲಿ! ಸಾಹೇಬರು ಹೋದರು, ತಿರುಗಿಸಿದರು. ನಲ್ಲಿ ಬುಸ್ಸೆಂದಿತು, ಹನಿ ಬೀಳಲಿಲ್ಲ. ಹೆಡ್‌ಮಿಸ್ಸಿನ ಮುಖ ಬಿಳಿಚಿಕೊಂಡಿತು. "ಇದನ್ನ ಯಾರಿಗಾದರೂ ಬರೆದಿದ್ದೀರಾ?" ಎಂದು ಕೇಳಿದರು. ಆಕೆ ಒಳಗೆ ಹೋಗಿ ಫೈಲು ತಂದರು. ಮೂರು ಪತ್ರಗಳ ನಕಲು, ಮೂರಕ್ಕೂ ಸ್ವೀಕೃತಿಯ ಸೀಲು. ನೋಟೀಸು ಬರಲಿಲ್ಲ. ಐದು ವಾರದಲ್ಲಿ ಮೋಟಾರು ಬಂತು. ಗಣಿತದ ಜಾಗ ಈಗಲೂ ಖಾಲಿಯೇ. ಅದು ಆ ಸಾಹೇಬರ ಕೈಯಲ್ಲೂ ಇಲ್ಲವಂತೆ. ಹೆಡ್‌ಮಿಸ್ಸು ಹೂವಿನವಳ ಜೊತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಅವಳ ಹತ್ತಿರವೇ ಮಲ್ಲಿಗೆ ಕೊಳ್ಳುತ್ತಾರೆ, ಚೌಕಾಸಿ ಮಾಡದೆ.

ಪ್ರೌಢಶಿಕ್ಷಣದ ಬಗ್ಗೆ ವರದಿ ಕೊಟ್ಟ 1952-53ರ ಲಕ್ಷ್ಮಣಸ್ವಾಮಿ ಮೊದಲಿಯಾರ್ ಆಯೋಗ, ಇನ್‌ಸ್ಪೆಕ್ಟರ್ ಎನ್ನುವುದಕ್ಕಿಂತ ಶೈಕ್ಷಣಿಕ ಸಲಹೆಗಾರ ಎನ್ನುವುದೇ ಮೇಲು ಎಂದಿತ್ತು. ಎಪ್ಪತ್ತು ವರ್ಷ ದಾಟಿದರೂ ಸಾಹೇಬರೆಂದರೆ ನಮ್ಮ ಕಡೆ ಇನ್ನೂ ನಡುಕವೇ. ಮೇಷ್ಟರುಗಳು ನಡುಗಿದರೆ ಮುಚ್ಚಿಡುತ್ತಾರೆ. ಅವರನ್ನು ದೂರುವುದಾದರೂ ಹೇಗೆ?

ನಿಮ್ಮೂರಿನ ಹೈಸ್ಕೂಲಿಗೂ ತಪಾಸಣೆ ಬರುತ್ತದೆ. ಅದಕ್ಕೆ ಮೊದಲೇ ಮಗಳನ್ನು ಕೂರಿಸಿಕೊಂಡು ಕೇಳಿ: ನೀರು ಕುಡೀತೀಯಾ? ಲೈಬ್ರರಿ ಪುಸ್ತಕ ಮನೆಗೆ ಕೊಡ್ತಾರಾ? ಗಣಿತ ಯಾರು ಮಾಡ್ತಾರೆ? ಒಳ್ಳೆಯದನ್ನೂ ಕೇಳಿ, ಬರೆದಿಡಿ. ಸಾಹೇಬರು ಹೋದ ಮೇಲೆ ಏನು ಬರೆದರು ಎಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ. ಅರ್ಜಿ ಕನ್ನಡದಲ್ಲೇ ಇರಬಹುದು, ಆದರೆ 150 ಪದ ಮೀರಬಾರದು; ನಮ್ಮಂಥ ಮಾತುಗಾರ್ತಿಯರಿಗೆ ಅದೊಂದೇ ಕಷ್ಟ. ಉತ್ತರಕ್ಕೆ 30 ದಿನ ಗಡುವು. ನಾನು ಹಾಕಿ ಇವತ್ತಿಗೆ ಹನ್ನೆರಡು ದಿನ.